ಕುಂಕುಮ ಹಚ್ಚಿದ ಲ್ಯಾಕ್ರಾಸ್ ಕೋಲುಗಳು

ಗಗನಾ ಏನು ಕೆಲಸ ಮಾಡುತ್ತಾಳೆ ಎಂದು ಸಿಂಗಪುರದ ಕನ್ನಡಿಗರ ಮನೆಗಳಲ್ಲಿ ಯಾರಾದರೂ ಕೇಳಿದರೆ, ಅವಳಿಗಿಂತ ಮೊದಲು ಗಂಡ ಸುಹಾಸ್ ಬಾಯಿ ಹಾಕುತ್ತಿದ್ದ. "ಇವಳು ಕಾಲೇಜ್ ಹುಡುಗೀರಿಗೆ ಚಿಟ್ಟೆ ಹಿಡಿಯೋದು ಹೇಳಿಕೊಡ್ತಾಳೆ." ಎಲ್ಲರೂ ನಗುತ್ತಿದ್ದರು. ಗಗನಾಳೂ ನಗುತ್ತಿದ್ದಳು, ಒಳಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಉರಿಯದೆ ಇನ್ನೇನು? ಲ್ಯಾಕ್ರಾಸ್ ಎಂದರೆ ತುದಿಗೆ ಬಲೆ ಕಟ್ಟಿದ ಕೋಲಿನಲ್ಲಿ ರಬ್ಬರ್ ಚೆಂಡು ಹಿಡಿದು, ಓಡಿ, ಬೀಸಿ ಎಸೆದು ಗೋಲು ಹೊಡೆಯುವ ಆಟ. ಆ ಚೆಂಡು ಮುಖಕ್ಕೆ ಬಡಿದರೆ ಹಲ್ಲು ಕೈಗೆ ಬರುತ್ತದೆ. ಚಿಟ್ಟೆಯಂತೆ ಚಿಟ್ಟೆ!

ಮೈಸೂರಿನಲ್ಲಿ ಓದುವಾಗ ಅವಳು ಹಾಕಿ ಆಡುತ್ತಿದ್ದಳು. ಮದುವೆಯಾಗಿ, ರಾಫೆಲ್ಸ್ ಪ್ಲೇಸಿನ ಬ್ಯಾಂಕಿನಲ್ಲಿದ್ದ ಸುಹಾಸನ ಜೊತೆ ಇಲ್ಲಿಗೆ ಬಂದಾಗ ಅವಳ ವಾಸದ ಪಾಸಿನ ಮೇಲೆ ಇದ್ದದ್ದು "ಡಿಪೆಂಡೆಂಟ್", ಅಂದರೆ ಗಂಡನ ಆಶ್ರಿತೆ, ಎಂಬ ಮಾತು. ಒಂದು ಭಾನುವಾರ ಮೈದಾನದಲ್ಲಿ ಹೆಂಗಸರು ಬಲೆಕೋಲು ಹಿಡಿದು ಓಡುವುದನ್ನು ಕಂಡು ಬೇಲಿಯ ಪಕ್ಕ ನಿಂತಳು. ಅವರಲ್ಲೊಬ್ಬಳು ಕೈಬೀಸಿ ಕರೆದಳು. ಅಷ್ಟೇ, ಹುಚ್ಚು ಹಿಡಿಯಿತು. ಆಡಿದಳು, ತರಬೇತಿಯ ಪರೀಕ್ಷೆ ಪಾಸು ಮಾಡಿದಳು, ಒಂದು ಕಾಲೇಜಿನಲ್ಲಿ ಹಿರಿಯ ಕೋಚ್ ಕೈಕೆಳಗೆ ವರ್ಷಗಟ್ಟಲೆ ಚೆಂಡು ಹೆಕ್ಕಿದಳು, ನೀರಿನ ಬಾಟಲಿ ಹೊತ್ತಳು. ಆ ಕೋಚ್ ತನ್ನ ದೇಶಕ್ಕೆ ಮರಳಿದ ಮೇಲೆ ವಿಷಲ್ ಇವಳ ಕೊರಳಿಗೆ ಬಂತು. ವರ್ಷ ವರ್ಷವೂ ಹೊಸದು ಮಾಡಬೇಕಾದ ಕಾಂಟ್ರ್ಯಾಕ್ಟ್ ನಿಜ. ಆದರೂ ಹುಡುಗಿಯರ ತಂಡಕ್ಕೆ ಅವಳೇ ಕೋಚ್.

ತಂಡದ ನಾಯಕಿ ತನಿಷಾ ಕನ್ನಡದ ಹುಡುಗಿ, ಹಬ್ಬ ಹರಿದಿನಕ್ಕೆ ಅಪ್ಪ ಅಮ್ಮನ ಜೊತೆ ಗಗನಾಳ ಮನೆಗೆ ಬರುವವಳು. ಅವಳಿಗೆ ಮೊದಲ ದಿನವೇ ತಾಕೀತು ಆಗಿತ್ತು. "ನೋಡು ಪುಟ್ಟಾ, ಮನೇಲಿ ಆಂಟಿ ಅನ್ನು, ಬೇಡ ಅನ್ನಲ್ಲ. ಗ್ರೌಂಡಲ್ಲಿ ಆಂಟಿ ಅಂದ್ಯೋ, ಎರಡು ರೌಂಡ್ ಓಡಿಸ್ತೀನಿ."

"ಓಕೆ ಲಾ, ಕೋಚ್!"

ಕೋಚ್! ಊರಿಗೆಲ್ಲ ಸುಹಾಸನ ಹೆಂಡತಿಯಾಗಿದ್ದವಳಿಗೆ ಆ ಒಂದು ಮಾತು ಕೇಳಿದರೆ ಹೊಟ್ಟೆ ತುಂಬುತ್ತಿತ್ತು. ಯಾರು ಏನಾದರೂ ಅಂದುಕೊಳ್ಳಲಿ, ಅವಳು ಬದುಕುತ್ತಿದ್ದದ್ದೇ ಅದಕ್ಕಾಗಿ.

ಹೋದ ವರ್ಷ ಅರ್ಧ ತಂಡ ಇಂಟರ್ನ್‌ಶಿಪ್ಪಿಗೆ ಹೋಗಿ, ಒಂದು ಪಂದ್ಯಕ್ಕೆ ಜನ ಸಾಲದೆ ವಾಕೋವರ್ ಕೊಡಬೇಕಾಯಿತು. ಕಾಲೇಜಿನ ಕ್ರೀಡಾ ವಿಭಾಗದ ಮೇಡಂ ಲಿಮ್ ಕರೆದು ಕೂರಿಸಿ ಹೇಳಿದ್ದರು: "ಸೋಲಿರಿ, ಚಿಂತೆಯಿಲ್ಲ. ಆದರೆ ಆಡಿ. ಈ ವರ್ಷವೂ ಒಂದು ಪಂದ್ಯ ಬಿಟ್ಟುಕೊಟ್ಟರೆ ತಂಡವನ್ನು ಮುಚ್ಚುತ್ತೇವೆ."

ಗಗನಾ ಕ್ಯಾಂಟೀನಿನಲ್ಲಿ ನೂಡಲ್ಸ್ ತಿನ್ನುತ್ತಿದ್ದವರನ್ನೂ ಬಿಡಲಿಲ್ಲ. ಡ್ಯಾನ್ಸ್ ಬಿಟ್ಟವರು, ಬ್ಯಾಡ್ಮಿಂಟನ್ನಿಗೆ ಆಯ್ಕೆಯಾಗದವರು, ಎಲ್ಲರನ್ನೂ ಗೋಗರೆದು ತಂದು ಕೋಲು ಹಿಡಿಸಿದಳು. ಆ ಬಡಪಾಯಿ ತಂಡ ಎಲ್ಲ ಪಂದ್ಯಗಳನ್ನೂ ಆಡಿತು, ಎಲ್ಲವನ್ನೂ ಸೋತಿತು. ಉಳಿದದ್ದು ಒಂದೇ ಒಂದು, ಮಿಂಚಿನಿಂದಾಗಿ ನಿಂತುಹೋದದ್ದು. ಸಿಂಗಪುರದಲ್ಲಿ ಮಿಂಚಿನ ಸೈರನ್ ಕೂಗಿತೆಂದರೆ ಮುಗಿಯಿತು, ಗೆಲ್ಲುತ್ತಿರುವವರೂ ಮೈದಾನ ಬಿಟ್ಟು ಓಡಬೇಕು. ಎಷ್ಟು ಸಂಜೆಗಳನ್ನು ಆ ಸೈರನ್ ನುಂಗಿತ್ತೋ! ಮಿಂಚಿಗೆ ಗಗನಾ ಹಾಕದ ಶಾಪವಿರಲಿಲ್ಲ. ನಿಂತ ಪಂದ್ಯ ಶನಿವಾರಕ್ಕೆ ಗೊತ್ತಾಗಿತ್ತು.

ಅದಕ್ಕೆ ಮುಂಚೆ, ವಾರದ ನಡುವೆ, ಆಯುಧಪೂಜೆ ಬಂತು. ಪ್ರತಿವರ್ಷ ಹಿಂದಿನ ದಿನವೇ ಗಗನಾ ಕಾಲೇಜಿನ ಕೋಲುಗಳನ್ನೆಲ್ಲ ಜುರಾಂಗ್ ಈಸ್ಟಿನ ತನ್ನ ಫ್ಲ್ಯಾಟಿಗೆ ಹೊತ್ತು ತರುತ್ತಿದ್ದಳು. ದೇವರ ಮುಂದೆ ಸಾಲಾಗಿ ನಿಲ್ಲಿಸಿ, ಒರೆಸಿ, ಅರಿಶಿನ ಕುಂಕುಮ ಹಚ್ಚಿ ಹೂವು ಮುಡಿಸುತ್ತಿದ್ದಳು. ಪಕ್ಕದಲ್ಲಿ ಸುಹಾಸನ ಲ್ಯಾಪ್‌ಟಾಪು, ಅವಳ ವಿಷಲ್, ಇಬ್ಬರ ಫೋನು. ದುಡಿಯುವ ಸಾಮಾನಿಗೆ ಅವತ್ತೊಂದು ದಿನ ಬಿಡುವು, ಅದು ಅವಳ ತವರಿನ ಪದ್ಧತಿ. ಫೋನುಗಳನ್ನು ಆರಿಸಿಟ್ಟರೆ ದೀಪ ಹಚ್ಚುವ ಹೊತ್ತಿನವರೆಗೆ ಯಾರೂ ಮುಟ್ಟುವಂತಿಲ್ಲ. ಮಾರನೆಯ ದಿನ, ವಿಜಯದಶಮಿಯ ಬೆಳಿಗ್ಗೆ, ಹುಡುಗಿಯರು ಮೈದಾನದಲ್ಲಿ ಆ ಕೋಲುಗಳನ್ನೆತ್ತಿ ಒಂದೊಂದು ಚೆಂಡು ಎಸೆದು ಸಿಹಿ ತಿನ್ನುವುದು. ಚೀನೀ ಹುಡುಗಿಯರಿಗೂ ಅದೆಂದರೆ ಪ್ರಾಣ.

ಅವತ್ತು ಸಂಜೆ ಗಗನಾ ಕಡಲೆ ಉಸ್ಲಿಗೆ ಒಗ್ಗರಣೆ ಹಾಕುತ್ತಿದ್ದಾಗ ಬಾಗಿಲು ಬಡಿದ ಸದ್ದು. ತನಿಷಾ. ಆಟದ ಬಟ್ಟೆ, ಹಣೆಯ ಮೇಲೆ ಗಾಗಲ್ಸ್, ಮುಖವೆಲ್ಲ ಬೆವರು.

"ಕೋಚ್, ಫೋನ್ ಯಾಕೆ ಆಫು? ಮ್ಯಾಚ್ ಇವತ್ತೇ!"

"ಏನೇ ಹೇಳ್ತಿದೀಯ? ಶನಿವಾರ ಅಲ್ವೇನೇ?"

"ಶನಿವಾರ ಗ್ರೌಂಡ್ ಸಿಗಲ್ವಂತೆ, ಇವತ್ತಿಗೆ ಶಿಫ್ಟ್ ಮಾಡಿದಾರೆ. ಮಧ್ಯಾಹ್ನಾನೇ ಗ್ರೂಪಲ್ಲಿ ಮೆಸೇಜ್ ಬಂತು. ನೀವು ನೋಡಿರ್ತೀರ, ಸ್ಟಿಕ್ಸ್ ತರ್ತೀರ ಅಂದ್ಕೊಂಡು ಎಲ್ಲರೂ ಕ್ಲಾಸಿಂದ ಸೀದಾ ಗ್ರೌಂಡಿಗೆ ಹೋದ್ವಿ. ಆಪೋಸಿಟ್ ಟೀಮು ರೆಡಿಯಾಗಿ ನಿಂತಿದೆ, ಕೋಚ್!"

ಸುಹಾಸ್ ಸೋಫಾದಿಂದಲೇ, "ಪೂಜೆಗಿಟ್ಟಿದ್ದನ್ನ ಇವತ್ತು ಎತ್ತಬಾರದು ಕಣೇ" ಎಂದ. ಅದು ಅವಳದೇ ಮಾತು, ಪ್ರತಿವರ್ಷ ಅವಳೇ ಅವನಿಗೆ ಹೇಳುತ್ತಿದ್ದದ್ದು. ಅವಳು ದೇವಿಯ ಪಟ ನೋಡಿದಳು. "ತಪ್ಪಾಯ್ತು ತಾಯಿ" ಎಂದು ಕೋಲುಗಳನ್ನು ಬಾಚಿ ತಬ್ಬಿಕೊಂಡಳು. ಸೇವಂತಿಗೆ ನೆಲದ ತುಂಬ ಚೆಲ್ಲಿತು.

ಟ್ಯಾಕ್ಸಿ ಸಿಕ್ಕಿತು, ಹಿಂದೆಯೇ ಟ್ರಾಫಿಕ್ಕೂ ಸಿಕ್ಕಿತು. ಗಗನಾ ಕಿಟಕಿಯಿಂದ ತಲೆ ಹೊರಹಾಕಿ ಆಕಾಶ ನೋಡಿದಳು. ಜೀವಮಾನದಲ್ಲಿ ಮೊದಲ ಸಲ ಅವಳು ಮಿಂಚು ಬೇಡಿಕೊಂಡಳು. ಒಂದೇ ಒಂದು ಮಿಂಚು, ತಾಯಿ ಚಾಮುಂಡಿ, ದೂರದಲ್ಲೆಲ್ಲಾದರೂ ಸರಿ, ಸೈರನ್ ಕೂಗಿದರೆ ಪಂದ್ಯ ನಿಲ್ಲುತ್ತದೆ, ನನ್ನ ಮಕ್ಕಳು ಉಳಿಯುತ್ತಾರೆ. ಬೇಡವೆಂದಾಗ ಬರುತ್ತಿದ್ದ ದರಿದ್ರದ್ದು ಬೇಕೆಂದಾಗ ಬಂದೀತೇ? ಆಕಾಶ ತೊಳೆದ ತಟ್ಟೆಯ ಹಾಗೆ ಇತ್ತು. ಪಕ್ಕದಲ್ಲಿ ತನಿಷಾ ಮೂಗು ಒರೆಸಿಕೊಳ್ಳುತ್ತಿದ್ದಳು.

ಅವರು ಮುಟ್ಟುವಷ್ಟರಲ್ಲಿ ಮೈದಾನಕ್ಕೆ ಫುಟ್ಬಾಲಿನವರು ಇಳಿದಿದ್ದರು. ಎದುರು ತಂಡದವರು ಪಾಪ ಒಳ್ಳೆಯವರು, ತಮ್ಮಲ್ಲಿದ್ದ ಎರಡು ಹೆಚ್ಚಿನ ಕೋಲು ಕೊಡಲು ಬಂದಿದ್ದರಂತೆ. ಎರಡು ಕೋಲಿನಲ್ಲಿ ಒಂದು ತಂಡ ಆಡುವುದು ಹೇಗೆ? ಕಾಯುವಷ್ಟು ಕಾದು ರೆಫರಿ ವಾಕೋವರ್ ಬರೆದುಕೊಂಡು ಹೋಗಿದ್ದಳು. ಹುಡುಗಿಯರು ಬೂಟು ಬಿಚ್ಚುತ್ತ ಕುಳಿತಿದ್ದರು. ಒಬ್ಬಳೂ ಬಯ್ಯಲಿಲ್ಲ. ಬಯ್ದಿದ್ದರೆ ಗಗನಾ ಅಳುವುದಕ್ಕಾದರೂ ಆಗುತ್ತಿತ್ತು.

ವಿಜಯದಶಮಿಯ ಬೆಳಿಗ್ಗೆ ಅವಳು ಮೈಸೂರು ಪಾಕಿನ ಡಬ್ಬಿ ಹಿಡಿದು ಮೈದಾನಕ್ಕೆ ಹೋದಳು. ಯಾರೂ ಬರಲಿಲ್ಲ. ಬಿಸಿಲೇರಿದ ಮೇಲೆ ಮನೆಗೆ ಬಂದಳು.

ಮೇಡಂ ಲಿಮ್ ಗಡಸು ಹೆಂಗಸೇನಲ್ಲ. "ಕೋಲುಗಳು ನಿಮ್ಮ ಮನೆಯಲ್ಲಿ ಯಾಕಿದ್ದವು ಗಗನಾ? ಹೇಳಿ, ಮೇಲಿನವರ ಹತ್ತಿರ ನಾನು ಮಾತಾಡುತ್ತೇನೆ" ಎಂದರು.

"ಅವಕ್ಕೆ ಬಿಡುವು ಕೊಟ್ಟಿದ್ದೆ."

"ಕೋಲುಗಳಿಗೆ?"

"ಹೌದು."

"ಫೋನಿಗೂ?"

ಗಗನಾ ತಲೆಯಾಡಿಸಿದಳು. ಲಿಮ್, ಹಾಗಾದರೆ ತಂಡ ಮುಚ್ಚದೆ ವಿಧಿಯಿಲ್ಲ, ಕೋಲುಗಳನ್ನು ತೊಳೆದು ಸ್ಟೋರಿಗೆ ಒಪ್ಪಿಸಿ ಎಂದರು. ಹೊಸ ಕಾಂಟ್ರ್ಯಾಕ್ಟಿನ ಮಾತು ಅವರೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ. ತಂಡವೇ ಇಲ್ಲದ ಮೇಲೆ ಕೋಚ್ ಯಾರಿಗೆ ಬೇಕು? ಇಡೀ ಸಿಂಗಪುರದಲ್ಲಿ ಈ ಆಟಕ್ಕೆ ಇನ್ನೆಷ್ಟು ಕಾಲೇಜುಗಳಿವೆ? ಸುಹಾಸ್ ಸಮಾಧಾನ ಮಾಡಲು ನೋಡಿದ. "ಹೋಗ್ಲಿ ಬಿಡೇ, ಅದೇನು ಅಂಥಾ ಕೆಲಸಾನಾ?" ಅವಳು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಬಲೆಗಳನ್ನು ಉಜ್ಜಿದಳು. ಕುಂಕುಮ ಹೋಯಿತು, ಅರಿಶಿನ ಹೋಗಲಿಲ್ಲ.

ಕೋಲುಗಳ ಚೀಲ ಹೊತ್ತು ಸ್ಟೋರಿನ ಕಡೆ ಹೋಗುವಾಗ ದಾರಿ ಮೈದಾನದ ಮೇಲೆಯೇ. ತನಿಷಾ ಹೊಸ ತಂಡದ ಜೆರ್ಸಿ ತೊಟ್ಟು, ಒಳಾಂಗಣ ಹಾಕಿಯಂಥ ಫ್ಲೋರ್‌ಬಾಲ್ ಆಡುವ ಗೆಳತಿಯರ ಜೊತೆ ವಾರ್ಮ್ ಅಪ್ಪಿಗೆ ಓಡುತ್ತಿದ್ದಳು. ಇವಳನ್ನು ಕಂಡು ನಿಂತಳು, ಮುಖ ಅರಳಿತು. ಒಳ್ಳೆಯ ಹುಡುಗಿ, ಮನಸ್ಸಿನಲ್ಲಿ ಕಲ್ಮಶವಿಲ್ಲ. ಮೈದಾನದ ನಟ್ಟನಡುವಿನಿಂದ ಕೈಬೀಸಿದಳು.

"ಹಾಯ್ ಆಂಟಿ!"

ಗಗನಾ ಒಂದು ಕ್ಷಣ ಕಾದಳು. ಹುಡುಗಿ ನಾಲಿಗೆ ಕಚ್ಚಿಕೊಳ್ಳಲಿಲ್ಲ.

"ಹಾಯ್ ಪುಟ್ಟಾ" ಎಂದಳು ಗಗನಾ. ಎರಡು ರೌಂಡ್ ಓಡು ಎಂದು ಹೇಳಲು ಅವಳೀಗ ಯಾರು? ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ಸ್ಟೋರಿನ ಕಡೆಗೆ ನಡೆದಳು.