ಶುಭಕ್ಕೆ ಮುಚ್ಚಿದ ಪುಸ್ತಕ

ಪುರಾಣ ಓದುವವರು ಅಶುಭದಲ್ಲಿ ನಿಲ್ಲಿಸಬಾರದು. ಸಾವೋ ಶಾಪವೋ ಬಂದರೆ ಇನ್ನೆರಡು ಪದ್ಯ ಮುಂದೆ ಓದಿ, ಶುಭದ ಮಾತು ಸಿಕ್ಕ ಮೇಲೆಯೇ ಪುಸ್ತಕ ಮುಚ್ಚಬೇಕು. ರಾಯಚೂರು ಕಡೆಯಿಂದ ಹೈದರಾಬಾದಿಗೆ ಬಂದು ನೆಲೆಸಿದ ನನ್ನ ಅತ್ತೆಮನೆಯ ಪದ್ಧತಿಯಿದು. ಪುರಾಣ ಓದುತ್ತಿದ್ದ ಮಾವನವರು ತೀರಿಕೊಂಡ ಮೇಲೆ ಅವರ ಮಣೆಯ ಮೇಲೆ ನನ್ನ ಗಂಡ ಕೂತರು. ಸರ್ಕಾರಿ ನೌಕರರು, ಇಂಗ್ಲಿಷ್ ಬಲ್ಲವರು. ಪುರಾಣ ಬಿಟ್ಟು ಇಂಗ್ಲಿಷ್ ಕಾದಂಬರಿ ಹಿಡಿದರು. ಅವರು ಕನ್ನಡದಲ್ಲಿ ಹೇಳುತ್ತಿದ್ದರು, ನಾನು ಅಕ್ಕಿ ಆರಿಸುತ್ತ ಕೇಳುತ್ತಿದ್ದೆ.

ಒಂದು ಕಾದಂಬರಿಯನ್ನು ತಿಂಗಳುಗಟ್ಟಲೆ ಹೇಳಿದರು. ಯಾವುದೋ ದೇಶದಲ್ಲಿ ಸೈನ್ಯ ನುಗ್ಗಿ ಸರ್ಕಾರ ಬಿದ್ದಿದೆ. ಅಲ್ಲೊಬ್ಬ ಮೇಷ್ಟ್ರು, ಅವನಿಗೆ ಹೆಂಡತಿಯಲ್ಲದೆ ಇನ್ನೊಬ್ಬಳು. ಹೆಂಡತಿ ಎಲ್ಲ ತಿಳಿದೂ ಅವನಿಗೆ ಬಾಗಿಲು ತೆರೆದು ಊಟಕ್ಕೆ ಬಡಿಸುತ್ತಾಳೆ. ಅಲ್ಲಿಗೆ ಪುಸ್ತಕ ಮುಚ್ಚಿದರು.

ಅದೇ ವರ್ಷ ನನ್ನ ಮನೆಯ ಕಥೆಯೂ ನನಗೆ ಗೊತ್ತಾಯಿತು. ಇವರ ಕಚೇರಿಯಲ್ಲೇ ಇದ್ದ ಒಬ್ಬಾಕೆ ಐವತ್ತಾರರಲ್ಲಿ ಹೈದರಾಬಾದ್ ರಾಜ್ಯ ಒಡೆದಾಗ ಗುಲಬರ್ಗಾಕ್ಕೆ ವರ್ಗವಾಗಿದ್ದಳು. ಇವರು ತಿಂಗಳಿಗೊಮ್ಮೆ ರೈಲು ಹತ್ತುತ್ತಿದ್ದುದು ಅವಳಿಗಾಗಿ. ತವರಿಗೆ ಹೊರಡುತ್ತೇನೆಂದು ನಾನು ಟ್ರಂಕು ತೆಗೆದೆ. ಅವರು ಸಿಟ್ಟಾಗಲಿಲ್ಲ.

"ಕಥಿಯೊಳಗ ಆಕಿ ಬಾಗಿಲಾ ತೆಗೀಲಿಲ್ಲೇನು? ಪ್ರೀತಿ ಅಂದ್ರ ಬಿಡುಗಡಿ. ನಿಂದು ಭಾಳ ಸಣ್ಣ ಮನಸ್ಸು."

ನನಗೆ ನನ್ನ ಮೇಲೇ ನಾಚಿಕೆಯಾಯಿತು. ಟ್ರಂಕು ಮಂಚದಡಿ ಸೇರಿತು. ನನ್ನಂಥ ಪೆದ್ದಿ ಇನ್ನೊಬ್ಬಳಿರಲಿಕ್ಕಿಲ್ಲ.

ಹತ್ತು ವರ್ಷದಲ್ಲಿ ಸಕ್ಕರೆ ಕಾಯಿಲೆ ಅವರ ಕಣ್ಣು ತಿಂದಿತು. ಓದುವ ಕೆಲಸ ನನ್ನದಾಯಿತು. ಗುಲಬರ್ಗಾದ ಪತ್ರಗಳನ್ನೂ ಒಂದಕ್ಷರ ಬಿಡದೆ ಓದಿ ಹೇಳುತ್ತಿದ್ದೆ. ಆ ದೊಡ್ಡ ಮನಸ್ಸಿನ ಬಗ್ಗೆ ನನಗೆ ಜಂಬವೂ ಇತ್ತು.

ಅರವತ್ತೊಂಬತ್ತು, ಪ್ರತ್ಯೇಕ ತೆಲಂಗಾಣದ ಗಲಾಟೆಯ ವರ್ಷ, ಹಿಮಾಯತ್‌ನಗರದ ಫಿಲ್ಮ್ ಸೊಸೈಟಿಯಲ್ಲಿ ಭಾನುವಾರ ಬೆಳಿಗ್ಗೆ ಅದೇ ಕಾದಂಬರಿಯ ಸಿನಿಮಾ ಹಾಕಿದ್ದರು. ಬಸ್ಸಿರಲಿಲ್ಲ. ಪಕ್ಕದ ಮನೆಯ ಕಾಲೇಜು ಹುಡುಗಿಯ ಜೊತೆ, ಸುಟ್ಟ ಟೈರುಗಳನ್ನು ದಾಟಿಕೊಂಡು ನಡೆದೇ ಹೋದೆ. ಸಿನಿಮಾದಲ್ಲೂ ಹೆಂಡತಿ ಬಾಗಿಲು ತೆರೆದಳು. ಬಡಿಸಿದಳು. ಅವನು ತಲೆ ಬಗ್ಗಿಸಿ ಉಣ್ಣುತ್ತಿದ್ದಾಗ ಪೆಟ್ಟಿಗೆ ಎತ್ತಿಕೊಂಡು, ಸಿಪಾಯಿಗಳ ನಡುವೆಯೇ ಹೊರಟುಹೋದಳು. ಸಿನಿಮಾ ಅಲ್ಲಿಂದ ಮುಂದೆ ಇನ್ನೂ ಅರ್ಧ ತಾಸು, ಬರೀ ಅವಳದೇ. ಅದನ್ನು ತಿಳಿಯಲು ಇಂಗ್ಲಿಷ್ ಬೇಕಾಗಿರಲಿಲ್ಲ.

ಸಿನಿಮಾದವರು ಬದಲಿಸಿರಬಹುದೆಂದು ಮನೆಗೆ ಬಂದು ಪುಸ್ತಕವನ್ನೇ ಹುಡುಗಿಯ ಕೈಗೆ ಕೊಟ್ಟು ಓದಿಸಿದೆ. ಎಲ್ಲವೂ ಅದರಲ್ಲಿತ್ತು. ಹೆಂಡತಿ ಮನೆ ಬಿಟ್ಟು ಹೊರಟ ಪುಟಗಳ ಅಂಚಿನಲ್ಲಿ ನನ್ನ ಗಂಡನ ಪೆನ್ಸಿಲ್ ಗೆರೆಗಳೂ ಇದ್ದವು.

ಆ ವಾರವೇ ಗುಲಬರ್ಗಾದಿಂದ ಪತ್ರ ಬಂತು. ಮೊದಲು ಕ್ಷೇಮ ಸಮಾಚಾರ, ಮಾವಿನಕಾಯಿ ಉಪ್ಪಿನಕಾಯಿ ಹಾಕಿದ್ದು. ಕೆಳಗೆ ಬೇರೆ ಮಾತು: ಎದೆಯಲ್ಲಿ ಗಂಟು, ಡಾಕ್ಟರು ಕೈಬಿಟ್ಟಿದ್ದಾರೆ, ಓದುವವರು ನೀವೇ ಎಂದು ಗೊತ್ತು ಅಕ್ಕ, ಒಮ್ಮೆ ಅವರನ್ನು ಕರೆದುಕೊಂಡು ಬನ್ನಿ, ನಿಮ್ಮ ಕಾಲಿಗೆ ಬೀಳುತ್ತೇನೆ.

ಉಪ್ಪಿನಕಾಯಿಯವರೆಗೆ ಓದಿ ಮಡಚಿದೆ.

"ಮುಂದ?" ಅಂದರು.

"ಅಷ್ಟೇರಿ. ಎಲ್ಲಾ ಚಲೋ ಐತಂತ."

ಆಮೇಲೆ ಪತ್ರ ಬರಲಿಲ್ಲ. ಆಕೆ ತೀರಿಹೋದದ್ದು ಯಾರೋ ಹೇಳಿ ನನಗೆ ತಿಳಿಯಿತು, ಇವರಿಗೆ ತಿಳಿಯಲಿಲ್ಲ. ಅಂಚೆಯವನ ಸೈಕಲ್ ಗಂಟೆ ಕೇಳಿದಾಗಲೆಲ್ಲ ಮುಖ ಬಾಗಿಲ ಕಡೆ ತಿರುಗಿಸುವರು. ಒಂದು ದಿನ, ಆಕೆ ತನ್ನನ್ನು ಮರೆತೇಬಿಟ್ಟಳೆಂದು ಅತ್ತರು. ನಾನು ಚಹಾ ಕೈಗಿಟ್ಟೆ.

"ಅಳಬ್ಯಾಡ್ರಿ. ಪ್ರೀತಿ ಅಂದ್ರ ಬಿಡುಗಡಿ ಅಂತ ನೀವ ಹೇಳಿದ್ರಲ್ಲಾ," ಅಂದೆ.