ಬೆನ್ನು ತಿರುಗಿಸಿ ಹಾಕಿದ ಪಾಲು

ಮಾವಿನಹಣ್ಣಿನ ವಾಸನೆ ನಮ್ಮ ಅಂಗಳಕ್ಕೆ ಬಂತೆಂದರೆ ಅದರ ಜೊತೆಗೇ ಅನುಮಾನವೂ ಬರುತ್ತದೆ. ನಿಮ್ಮಲ್ಲಿ ಹೇಗೋ ಗೊತ್ತಿಲ್ಲ. ಹೊನ್ನಾವರದ ಹೊಳೆಯ ಬದಿಯ ನಮ್ಮ ಕೇರಿಯಲ್ಲಿ ಒಂದೇ ಅಂಗಳಕ್ಕೆ ಮುಖ ಮಾಡಿದ ಮೂರು ಮನೆಗಳಿವೆ. ಮೊದಲನೆಯದು ದೊಡ್ಡಪ್ಪನದು, ನಡುವಿನದು ನಮ್ಮದು, ಕೊನೆಯದು ಚಿಕ್ಕಪ್ಪನದು. ಹಿತ್ತಲಿನ ಇಶಾಡು ಮಾವಿನ ಮರ ಮಾತ್ರ ಮೂವರಿಗೂ ಸೇರಿದ್ದು. ಮೂರು ಮನೆಗೆ ಒಂದು ಮರವಿದ್ದರೆ ಒಂದೊಂದು ಹಣ್ಣಿಗೂ ಮೂರು ಜೊತೆ ಕಣ್ಣು.

ಮೊನ್ನೆ ದೊಡ್ಡಮ್ಮ ಜಗಲಿಯ ಮೇಲೆ ಹಣ್ಣು ಸುರಿಸಿಕೊಂಡು ಕೂತಿದ್ದಳು. ಅಮ್ಮ, ಚಿಕ್ಕಮ್ಮ ಬುಟ್ಟಿ ಹಿಡಿದು ನಿಂತಿದ್ದರು. ಚಿಕ್ಕಪ್ಪನ ಮಗಳು ಶಿಲ್ಪಾ ನನ್ನ ಬೆನ್ನು ಬಿದ್ದಿದ್ದಳು. ಬರುವ ಸೆಪ್ಟೆಂಬರಿಗೆ ಅವಳು ಓದಲು ವಿದೇಶಕ್ಕೆ ಹೊರಟಿದ್ದಾಳೆ. ನಾನು ಅಲ್ಲಿ ಓದಿ ಬಂದು ಈಗ ಕುಮಟಾದಲ್ಲಿ ಕೆಲಸ ಮಾಡುತ್ತಿರುವವಳು. ಹಾಗಾಗಿ ಕೇರಿಯ ಮಟ್ಟಿಗೆ ನಾನೇ ತಜ್ಞೆ.

"ಅಕ್ಕಾ, ಊಟ ತಿಂಡಿ ಬಸ್ಸು ಎಲ್ಲಾ ಸೇರಿ ತಿಂಗ್ಳಿಗೆ ಎಷ್ಟ್ ಬೇಕಾಗ್ತದೆ, ಖರೆ ಹೇಳು" ಎಂದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ದೊಡ್ಡಮ್ಮ ಕರೆದಳು. "ಅದೆಲ್ಲ ಆಮೇಲೆ. ನೀ ಬಾ ಇಲ್ಲಿ. ಕಪಾಟಿನ ಬದಿಗೆ ತಿರ್ಗಿ ನಿಂತ್ಕ. ಈ ವರ್ಷ ಹೆಸ್ರು ಹೇಳೂದು ನೀನು."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡಲ ತೀರದಲ್ಲಿ ಹತ್ತಾರು ಜನ ಸೇರಿ ಬಲೆ ಎಳೆದರೆ ಬಂದ ಮೀನನ್ನು ಮರಳ ಮೇಲೆ ರಾಶಿ ರಾಶಿ ಹಾಕುತ್ತಾರೆ. ಒಬ್ಬ ಮೀನಿಗೆ ಬೆನ್ನು ಹಾಕಿ ಸಮುದ್ರ ನೋಡುತ್ತ ನಿಲ್ಲುತ್ತಾನೆ. ರಾಶಿ ಹಾಕಿದವನು ಒಂದೊಂದಕ್ಕೆ ಬೆರಳು ತೋರಿಸಿ "ಇದು ಯಾರಿಗೆ?" ಎನ್ನುತ್ತಾನೆ. ಬೆನ್ನು ಹಾಕಿ ನಿಂತವನು ಬಾಯಿಗೆ ಬಂದ ಹೆಸರು ಹೇಳುತ್ತಾನೆ. ರಾಶಿ ಹಾಕಿದವನಿಗೆ ಹೆಸರು ಗೊತ್ತಿಲ್ಲ, ಹೆಸರು ಹೇಳುವವನಿಗೆ ರಾಶಿ ಕಾಣುವುದಿಲ್ಲ. ಹೀಗೆ ಯಾರನ್ನೂ ನಂಬದೆ ಎಲ್ಲರೂ ನೆಮ್ಮದಿಯಿಂದ ಮನೆಗೆ ಹೋಗಬಹುದು. ಇಷ್ಟು ಚೆಂದದ ಅಪನಂಬಿಕೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಮ್ಮ ಮನೆಗಳಲ್ಲಿ ಮಾವು, ಹಲಸು, ದೀಪಾವಳಿಯ ಪಟಾಕಿಗೂ ಅದೇ ಕ್ರಮ. ರಾಶಿ ಹಾಕುವವನು ದೊಡ್ಡಪ್ಪ, ತಿರುಗಿ ನಿಂತು ಹೆಸರು ಹೇಳುವವಳು ದೊಡ್ಡಮ್ಮ. ಕಳೆದ ವರ್ಷ ದೊಡ್ಡಪ್ಪ ತೀರಿಹೋದ. ಈ ಸಲ ರಾಶಿ ಹಾಕುವುದು ದೊಡ್ಡಮ್ಮನ ಪಾಲಿಗೆ ಬಂತು, ತಿರುಗಿ ನಿಲ್ಲುವುದು ನನ್ನ ಪಾಲಿಗೆ.

ದೊಡ್ಡಮ್ಮನ ಬಗ್ಗೆ ಒಂದು ಮಾತು. ಅವಳು ನಂಬಿದ ವಸ್ತು ಈ ಲೋಕದಲ್ಲಿ ಹುಟ್ಟಿಲ್ಲ. ಮೀನಿನ ಕಿವಿರು ಎತ್ತಿ ನೋಡದೆ ಕೊಳ್ಳುವವಳಲ್ಲ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸದೆ ಬುಟ್ಟಿಗೆ ಹಾಕುವವಳಲ್ಲ. ಗ್ಯಾಸ್ ಸಿಲಿಂಡರ್ ತಂದ ಹುಡುಗ ಅದನ್ನು ಅವಳೆದುರು ತೂಗಿ ತೋರಿಸಿಯೇ ಹೋಗಬೇಕು. "ಹೊಳೆಗೆ ಸುರಿದರೂ ಅಳೆದು ಸುರಿ" ಎಂಬ ಗಾದೆಯನ್ನು ಬೇರೆಯವರು ಹೇಳುತ್ತಾರೆ, ಇವಳು ಸುರಿದ ಮೇಲೆ ಹೊಳೆಯನ್ನೂ ಒಮ್ಮೆ ಅಳೆದು ನೋಡುವವಳು. ನನ್ನನ್ನು ವಿದೇಶಕ್ಕೆ ಕಳಿಸುವಾಗ ಏಜೆಂಟನೊಬ್ಬ ತಿಂಗಳ ಖರ್ಚಿನ ಅಂದಾಜನ್ನು ನೀಟಾಗಿ ಅಚ್ಚು ಹಾಕಿಸಿ ಕೊಟ್ಟಿದ್ದ. ಬಾಡಿಗೆ, ಊಟ, ಬಸ್ಸು, ಫೋನು. ಅಪ್ಪ ಅದನ್ನು ದೇವರ ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡ. ದೊಡ್ಡಮ್ಮ ಓದಿಸಿ ಕೇಳಿ ಒಂದೇ ಪ್ರಶ್ನೆ ಹಾಕಿದಳು.

"ಇದ್ರಲ್ಲಿ ಚಪ್ಲಿ ಹರ್ದ್ರೆ ಎಂತ ಮಾಡೂದು ಅಂತ ಎಲ್ಲಿ ಬರ್ದದೆ?"

ಎಲ್ಲರೂ ನಕ್ಕರು. ನಾನೂ ನಕ್ಕೆ.

ಇಂಗ್ಲೆಂಡಿನ ಉತ್ತರದ ಒಂದು ಊರಿಗೆ ಹೋದೆ. ಊರಿನ ಹೆಸರು ಬೇಡ. ಅಲ್ಲಿಯ ನಮ್ಮ ಮನೆಯೊಡತಿಗೆ ಕನ್ನಡ ಬರುವುದಿಲ್ಲವೆಂದು ಖಾತ್ರಿಯಾಗಿ ಹೇಳುವ ಧೈರ್ಯ ನನಗಿಲ್ಲ. ಆ ಮನೆಯಲ್ಲಿ ನಾವು ಮೂವರಿದ್ದೆವು. ಭಟ್ಕಳದ ನಫೀಸಾ, ಹೊನ್ನಾವರದ ನಾನು, ಕುಮಟಾ ತಾಲ್ಲೂಕಿನ ಸಂತೆಗುಳಿಯ ವಿದ್ಯಾ. ಜಿಲ್ಲೆಯವರ ವಾಟ್ಸಾಪ್ ಗುಂಪಿನಲ್ಲಿ ಪರಿಚಯವಾದವರು. ಮೂವರೂ ಸಾಲಾಗಿ ನಿಂತರೆ ಬಸ್ಸಿನ ಬೋರ್ಡು ಓದಿದಂತಿತ್ತು.

ಊರಿನವರು ಸಿಕ್ಕರೆಂದು ಮೊದಲ ವಾರ ಖುಷಿಯಾಯಿತು. ಎರಡನೆಯ ವಾರ ಹಾಲಿನ ಬಾಟಲಿ ಬೇಗ ಖಾಲಿಯಾಯಿತು. ಅಲ್ಲಿಗೆ ಖುಷಿಯೂ ಖಾಲಿ. ದೊಡ್ಡ ಚೀಲ ಕೊಂಡರೆ ಅಗ್ಗ, ಅದಕ್ಕೇ ಅಕ್ಕಿ, ಈರುಳ್ಳಿ, ಬಟಾಟೆ, ಎಣ್ಣೆ ಎಲ್ಲ ಒಟ್ಟಿಗೆ ತರುತ್ತಿದ್ದೆವು. ತಂದದ್ದನ್ನು ಮಾತ್ರ ಒಬ್ಬೊಬ್ಬರೇ ಕಾಯುತ್ತಿದ್ದೆವು. ನಾನು ಎಣ್ಣೆ ಬಾಟಲಿಗೆ ಪೆನ್ನಿನಲ್ಲಿ ಗೆರೆ ಎಳೆದೆ. ಮರುದಿನ ನೋಡಿದರೆ ನನ್ನ ಗೆರೆಯ ಪಕ್ಕದಲ್ಲಿ ಬೇರೆ ಬಣ್ಣದ ಇನ್ನೊಂದು ಗೆರೆ! ಖರ್ಚು ಹಂಚುವ ಆ್ಯಪ್ ಒಂದನ್ನು ಹಾಕಿಕೊಂಡೆವು. ಅದು ಲೆಕ್ಕವನ್ನು ಸರಿಯಾಗಿಯೇ ಹೇಳುತ್ತಿತ್ತು, ಆದರೆ ಇಬ್ಬರ ಊಟದ ಎಣ್ಣೆಯನ್ನು ಒಬ್ಬಳೇ ಸುರಿದಳೇ ಎಂಬುದು ಅದಕ್ಕೇನು ಗೊತ್ತು? ನಫೀಸಾ ತನ್ನ ಅಮ್ಮನ ಜೊತೆ ಫೋನಿನಲ್ಲಿ ಮನೆಮಾತು ನವಾಯತಿಯಲ್ಲಿ ಮಾತಾಡುವಾಗ ನಾನು ಪಾತ್ರೆ ತೊಳೆಯುವ ನೆಪದಲ್ಲಿ ಅಲ್ಲೇ ಇರುತ್ತಿದ್ದೆ. ನೆರೆಮನೆಯ ಕೊಂಕಣಿ ಕೇಳಿ ಬೆಳೆದ ಕಿವಿಗೆ ಅದು ಅರ್ಧ ತಿಳಿಯುತ್ತದೆ. ಅರ್ಧ ತಿಳಿಯುವ ಮಾತಿನಷ್ಟು ನಿದ್ದೆಗೆಡಿಸುವ ಮಾತು ಬೇರೆ ಇಲ್ಲ.

ಕೊನೆಗೆ ಒಂದು ದಿನ ಈರುಳ್ಳಿಯ ವಿಷಯಕ್ಕೆ ದೊಡ್ಡ ಜಗಳವಾಯಿತು. ಮನೆ ಬಿಡುವ ಮಾತೂ ಬಂತು. ಆಗ ನಾನೇ ಹೇಳಿದೆ, "ಪಾಲು ಹಾಕುವಾ. ನಮ್ಮ ಬದಿಯ ಹಾಗೆ, ಒಬ್ಳು ತಿರ್ಗಿ ನಿಂತು."

ನಫೀಸಾ ತಟ್ಟನೆ ಒಪ್ಪಿದಳು. "ತೆಂಗಿನಗುಂಡಿಯ ಕಡಲ ಬದಿಯಲ್ಲಿ ನಾನೂ ನೋಡಿದ್ದೇನೆ. ನಾನು ತಿರುಗಿ ನಿಲ್ತೇನೆ, ಆತಾ?"

ರಾಶಿ ಹಾಕುವ ಕೆಲಸ ವಿದ್ಯಾಳಿಗೆ ಬಂತು. ಅವಳ ಕೈ ತಕ್ಕಡಿಯಂಥದು. ಬೆಂಡೆಕಾಯಿ ಹೆಚ್ಚಿದರೆ ಚೂರುಗಳನ್ನು ಸ್ಕೇಲಿಟ್ಟು ಕತ್ತರಿಸಿದಳೋ ಎನ್ನಬೇಕು. ವಾರಕ್ಕೊಮ್ಮೆ ಸಂಜೆ ಅಡುಗೆಮನೆಯ ಮೇಜಿನ ಮೇಲೆ ಮೂರು ರಾಶಿ. ಕಿಟಕಿಗೆ ಮುಖ ಮಾಡಿ ನಫೀಸಾ. "ಇದು ಯಾರಿಗೆ?" "ವಿದ್ಯಾಗೆ." "ಇದು?" "ನಂಗೆ." ಜಗಳ ನಿಂತಿತು. ಕಡಲ ತೀರದ ಹಿರಿಯರಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಚಳಿಗಾಲ ಬಂತು. ಆ ಊರಿನಲ್ಲಿ ಚಳಿಗಾಲವೆಂದರೆ ಮಧ್ಯಾಹ್ನದ ಚಹಾ ಕುಡಿದು ಮುಗಿಸುವುದರೊಳಗೆ ಕತ್ತಲು. ನಾನು ಪಾತ್ರೆ ತೊಳೆಯಲು ಹೋಗುತ್ತಿದ್ದ ಹೋಟೆಲಿನಲ್ಲಿ ಗಿರಾಕಿ ಕಡಿಮೆಯಾಗಿ ನನ್ನ ಗಂಟೆಗಳನ್ನು ಅರ್ಧ ಮಾಡಿದರು. ಸಂಬಳವೂ ಅರ್ಧವಾಯಿತು. ಬಾಡಿಗೆ ಮಾತ್ರ ಅರ್ಧವಾಗುವ ವಸ್ತುವಲ್ಲ. ಮನೆಗೆ ಹೇಳುವಂತಿರಲಿಲ್ಲ. ಹೆದ್ದಾರಿ ಅಗಲ ಮಾಡುವಾಗ ಅಪ್ಪನ ಅಂಗಡಿ ಹೋಗಿತ್ತು. ಆಮೇಲೆ ಹೇಗೋ ಎದ್ದು ನಿಂತವನು ನನ್ನ ಶುಲ್ಕಕ್ಕೆ ಬ್ಯಾಂಕಿನ ಸಾಲ ಮಾಡಿದ್ದ. ಇನ್ನೂ ಕಳಿಸು ಎಂದರೆ ಅವನು "ವಾಪಸ್ ಬಾ" ಎನ್ನುತ್ತಿರಲಿಲ್ಲ, ಅದೇ ನನಗೆ ಭಯ. ಏನನ್ನಾದರೂ ಮಾರುತ್ತಿದ್ದ. ಗೆಳತಿಯರಿಗೆ ಹೇಳುವುದೂ ಆಗಲಿಲ್ಲ. ಎಣ್ಣೆ ಬಾಟಲಿಗೆ ಗೆರೆ ಎಳೆದವಳು ಯಾವ ಬಾಯಲ್ಲಿ ಕಷ್ಟ ಹೇಳಿಕೊಳ್ಳಲಿ? ಬೇಸಿಗೆಯವರೆಗೆ ಹೇಗಾದರೂ ತಳ್ಳಿದರೆ ಓದು ಮುಗಿಯುತ್ತದೆ, ಇಲ್ಲದಿದ್ದರೆ ಅರ್ಧದಲ್ಲೇ ಊರಿಗೆ. ಬಸ್ಸು ಬಿಟ್ಟೆ, ನಡೆದೆ. ಮಧ್ಯಾಹ್ನದ ಊಟ ಬಿಟ್ಟೆ. ರಾತ್ರಿ ನನ್ನ ಪಾಲಿನ ಅಕ್ಕಿ, ಬಟಾಟೆ. ಅಷ್ಟೇ.

ಆ ದಿನಗಳಲ್ಲೇ ನನಗೆ ಅನುಮಾನ ಶುರುವಾಯಿತು. ನನ್ನ ಪಾಲು ದೊಡ್ಡದಾಗುತ್ತಿತ್ತು.

ಮೊದಲ ವಾರ ಅದೃಷ್ಟ ಎಂದುಕೊಂಡೆ. ನಮ್ಮ ಮನೆಗೆ ಪಾಲಿನ ಅದೃಷ್ಟ ಮೊದಲಿಂದಲೂ ಇದೆ. ಅಪ್ಪನ ಅಂಗಡಿ ಹೋದ ವರ್ಷಗಳಲ್ಲಿ ದೊಡ್ಡ ರಾಶಿಗಳೆಲ್ಲ ನಮಗೇ ಬರುತ್ತಿದ್ದವು. "ನಮ್ಗೆ ಪಾಲಿನ ಯೋಗ ಅದೆ" ಎನ್ನುತ್ತ ಅಮ್ಮ ಬುಟ್ಟಿಯ ಮೇಲೆ ಸೆರಗು ಎಳೆದು ಬೇಗ ಬೇಗ ಮನೆಗೆ ನಡೆಯುತ್ತಿದ್ದಳು. ಆದರೆ ಎರಡನೆಯ ವಾರವೂ ನನಗೇ ದೊಡ್ಡ ರಾಶಿ. ಮೂರನೆಯ ವಾರವೂ. ತಕ್ಕಡಿಯಂಥ ಕೈಯ ವಿದ್ಯಾ ಒಂದು ರಾಶಿಗೆ ಎರಡು ಮೊಟ್ಟೆ ಹೆಚ್ಚು ಹಾಕುವುದೆಂದರೇನು? ಅವಳಂತೂ ಮೊಟ್ಟೆ ತಿನ್ನುವವಳೇ ಅಲ್ಲ, ಪಾಲು ಮುಗಿದ ಮೇಲೆ ತನ್ನ ಮೊಟ್ಟೆ ಕೊಟ್ಟು ಬಟಾಟೆ ಪಡೆಯುವವಳು. ನೋಡದೆ ನಿಂತ ನಫೀಸಾಳ ಬಾಯಲ್ಲಿ ಆ ರಾಶಿಗೇ ನನ್ನ ಹೆಸರು ಬರುವುದೆಂದರೇನು? ಕಡಿಮೆ ಕೊಟ್ಟರೆ ಜಗಳವಾಡಬಹುದು. ಹೆಚ್ಚು ಕೊಟ್ಟವರ ಮೇಲೆ ಹೇಗೆ ಬೀಳುವುದು? ಕೆಮ್ಮಿ ಸನ್ನೆ ಮಾಡುತ್ತಾರೆಯೇ ಎಂದು ಕಿವಿಗೊಟ್ಟೆ. ಕಾಲು ತಟ್ಟುತ್ತಾರೆಯೇ ಎಂದು ಮೇಜಿನ ಕೆಳಗೆ ಬಗ್ಗಿ ನೋಡಿದೆ. ಏನೂ ಇಲ್ಲ.

ಒಂದು ಸಂಜೆ ಪಾಲಿನ ಹೊತ್ತಿಗೆ ನೀರು ಹಿಡಿಯಲು ಸಿಂಕಿನ ಹತ್ತಿರ, ನಫೀಸಾಳ ಪಕ್ಕಕ್ಕೆ ಹೋದೆ. ತಲೆ ಎತ್ತಿದೆ. ಹೊರಗೆ ಕಗ್ಗತ್ತಲು, ಒಳಗೆ ಟ್ಯೂಬ್‌ಲೈಟು, ಕಿಟಕಿಗೆ ಪರದೆ ಇಲ್ಲ. ಗಾಜಿನ ತುಂಬ ನಮ್ಮ ಅಡುಗೆಮನೆ ಕನ್ನಡಿಯಲ್ಲಿ ಕಂಡಂತೆ ಕಾಣುತ್ತಿತ್ತು. ಮೇಜು, ಮೂರು ರಾಶಿ, ದೊಡ್ಡ ರಾಶಿಯ ಮೇಲೆ ವಿದ್ಯಾಳ ಬೆರಳು.

ಮೈಯೆಲ್ಲ ಉರಿಯಿತು. ಕೃತಜ್ಞತೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು, ಆದರೆ ಬಂದದ್ದು ಸಿಟ್ಟು. ಇನ್ನೊಬ್ಬರ ಕರುಣೆ ಪಡೆಯುವುದಕ್ಕಿಂತ ಹಸಿದಿರುವುದು ಮೇಲು ಎಂದು ತಿಳಿದ ಮನೆಯವಳು ನಾನು.

"ಇವತ್ತು ನಾನು ತಿರ್ಗಿ ನಿಲ್ತೆ" ಎಂದೆ. ನಫೀಸಾ ಸರಿದು ನಿಂತಳು.

"ಇದು ಯಾರಿಗೆ?" ವಿದ್ಯಾಳ ದನಿ ಸಣ್ಣಗಾಗಿತ್ತು. ಬೆರಳು ದೊಡ್ಡ ರಾಶಿಯ ಮೇಲೆಯೇ ಇತ್ತು.

"ನಫೀಸಾಗೆ" ಎಂದೆ.

ಗಾಜಿನಲ್ಲಿ ನಾನು ಅವರಿಬ್ಬರನ್ನು ನೋಡಿದೆ, ಅವರಿಬ್ಬರೂ ನನ್ನನ್ನು ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ಅಲ್ಲಿ ಮೂವರೂ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿಯಲ್ಲಿದ್ದೆವು.

"ಯಾರು ಹೇಳಿದ್ರು ನಿಮ್ಗೆ?" ಎಂದು ಕೇಳಿದೆ.

"ಯಾರೂ ಹೇಳಿದ್ದಿಲ್ಲೆ" ಎಂದಳು ವಿದ್ಯಾ. ಗಾಬರಿಯಾದರೆ ಅವಳಿಗೆ ಮನೆಮಾತೇ ಬರುತ್ತದೆ. "ಬೂಟು ನೋಡಿದ್ರೆ ಗೊತ್ತಾಗ್ತು."

"ದಿನಾ ಬಸ್ಸಲ್ಲಿ ಬಂದೆ ಅಂತ ಹೇಳ್ತೀ" ಎಂದಳು ನಫೀಸಾ. "ಬಸ್ಸಲ್ಲಿ ಬಂದವಳ ಬೂಟು ಒಳಗಿಂದ ಒದ್ದೆ ಆಗೂದು ಹೇಗೆ ಮಾರಾಯ್ತಿ? ಅಡಿ ಹರಿದು ಅದರೊಳಗೆ ರಟ್ಟು ಇಟ್ಟಿದ್ದೀ. ಕೇಳಿದ್ರೆ ನೀ ಹೇಳ್ತಿದ್ಯಾ?"

ಹೇಳುತ್ತಿರಲಿಲ್ಲ. ಅಳು ಬಂತು, ಅತ್ತೆ. ಏಜೆಂಟನ ಪಟ್ಟಿಯಲ್ಲಿ ಇಲ್ಲದ ಆ ಚಪ್ಪಲಿ ನೆನಪಾಗಿ ಅಳುತ್ತಲೇ ನಗುವೂ ಬಂತು. ಅಂದಿನಿಂದ ಹೀಟರನ್ನು ಅಡುಗೆಮನೆಗೆ ಮಾತ್ರ ಹಾಕಿ ಮೂವರೂ ಅಲ್ಲೇ ಕೂತು ಓದಿದೆವು, ಒಂದೇ ಒಲೆಯಲ್ಲಿ ಅನ್ನ ಮಾಡಿದೆವು. ವಸಂತದಲ್ಲಿ ಹೋಟೆಲಿನವರು ನನ್ನ ಗಂಟೆಗಳನ್ನು ಹೆಚ್ಚಿಸಿದರು. ಓದು ಮುಗಿಯಿತು. ಎಣ್ಣೆ ಬಾಟಲಿಯ ಗೆರೆ ಮಾತ್ರ ಕೊನೆಯ ದಿನದವರೆಗೂ ಇತ್ತು. ಹುಟ್ಟುಗುಣ ಅಷ್ಟು ಬೇಗ ಹೋಗುತ್ತದೆಯೇ?

ಇಷ್ಟೆಲ್ಲ ನೆನಪಾದದ್ದು ಮೊನ್ನೆ ದೊಡ್ಡಮ್ಮನ ಜಗಲಿಯಲ್ಲಿ ಕಪಾಟಿನ ಕಡೆಗೆ ತಿರುಗಿ ನಿಂತಾಗ. ಅದು ಗಾಜಿನ ಬಾಗಿಲಿನ ಹಳೆಯ ಕಪಾಟು. ಒಳಗೆ ಸ್ಟೀಲ್ ಲೋಟಗಳ ಸಾಲು. ನಾನು ಸಣ್ಣವಳಿದ್ದಾಗ ಅದರ ಎದುರು ನಿಲ್ಲುತ್ತಿದ್ದವಳು ದೊಡ್ಡಮ್ಮ, ಅವಳ ಬೆನ್ನಷ್ಟೇ ನನಗೆ ಕಂಡಿತ್ತು. ಅಲ್ಲಿ ನಿಂತರೆ ಏನು ಕಾಣುತ್ತದೆಂದು ನಾನು ನೋಡಿದವಳೇ ಅಲ್ಲ.

ಎಲ್ಲ ಕಾಣುತ್ತದೆ. ಮೂರು ರಾಶಿಗಳೂ ಕಾಣುತ್ತವೆ. ಒಂದು ಬೇಕೆಂದೇ ದೊಡ್ಡದು. ಬುಟ್ಟಿ ಹಿಡಿದ ಚಿಕ್ಕಮ್ಮನೂ ಕಾಣುತ್ತಾಳೆ. ಮಗಳನ್ನು ಕಳಿಸುವ ಸಲುವಾಗಿ ಚಿಕ್ಕಪ್ಪ ಸ್ಕೂಟರ್ ಮಾರಿದ್ದಾನೆ, ಆ ಮನೆಯಲ್ಲಿ ಮೀನಿನ ವಾಸನೆ ಬಂದು ತಿಂಗಳಾಯಿತು. ಕೇರಿಗೆಲ್ಲ ಗೊತ್ತು, ಯಾರೂ ಆಡುವುದಿಲ್ಲ.

ಅಂಗಡಿ ಹೋದ ವರ್ಷಗಳ ನಮ್ಮ ಪಾಲಿನ ಯೋಗ ಎಂಥದು ಎಂದು ಆ ಕ್ಷಣದಲ್ಲಿ ನನಗೆ ತಿಳಿಯಿತು. ಅಮ್ಮ ಯಾಕೆ ಸೆರಗು ಮುಚ್ಚಿ ಅಷ್ಟು ಬೇಗ ನಡೆಯುತ್ತಿದ್ದಳು ಎಂಬುದೂ ತಿಳಿಯಿತು.

"ಇದು ಯಾರಿಗೆ?" ಎಂದಳು ದೊಡ್ಡಮ್ಮ. ಬೆರಳು ದೊಡ್ಡ ರಾಶಿಯ ಮೇಲೆ.

"ಶಿಲ್ಪಾನ ಮನೆಗೆ" ಎಂದೆ.

"ಈ ವರ್ಷ ಪಾಲಿನ ಯೋಗ ನಮ್ಗೆ ಅದೆ ಕಾಣ್ತದೆ!" ಎಂದು ನಕ್ಕು ಚಿಕ್ಕಮ್ಮ ಬುಟ್ಟಿ ತುಂಬಿಸಿಕೊಂಡಳು. ಗಾಜಿನಲ್ಲಿ ಅಮ್ಮ ಒಮ್ಮೆ ನನ್ನ ಕಡೆ ಕಣ್ಣೆತ್ತಿದಳು. ಆಮೇಲೆ ತಲೆ ತಗ್ಗಿಸಿ ತನ್ನ ಹಣ್ಣುಗಳನ್ನು ಆರಿಸತೊಡಗಿದಳು. ಶಿಲ್ಪಾ ಬಾಗಿಲಲ್ಲಿ ತಿರುಗಿ ತಿಂಗಳ ಖರ್ಚಿನ ಮಾತು ನೆನಪಿಸಿದಳು. "ಯಾರ ಜೊತೆ ಇರ್ತೀ ಅಂತ ಮೊದ್ಲು ಹೇಳು, ಆಮೇಲೆ ಲೆಕ್ಕ ಹೇಳ್ತೆ" ಎಂದೆ. ಅವಳು ಇದೇನು ಉತ್ತರ ಎಂಬಂತೆ ನನ್ನನ್ನೇ ಅನುಮಾನದಿಂದ ನೋಡಿ ಹೋದಳು. ನಮ್ಮ ಮನೆಯ ಹುಡುಗಿಯೇ, ಅಡ್ಡಿಯಿಲ್ಲ.

ಎಲ್ಲರೂ ಹೋದ ಮೇಲೆ ದೊಡ್ಡಮ್ಮ ಮಂಡಿ ಹಿಡಿದು ಎದ್ದಳು. ಕೈ ತೊಳೆಯಲು ಹೋಗುತ್ತ ನನ್ನ ಪಕ್ಕದಲ್ಲಿ ನಿಂತು ಕಪಾಟಿನ ಬಾಗಿಲನ್ನು ಸೆರಗಿನ ತುದಿಯಿಂದ ಒಮ್ಮೆ ಉಜ್ಜಿದಳು.

"ಬೆಳಿಗ್ಗೆನೇ ಒರ್ಸಿಟ್ಟಿದ್ದೆ" ಎಂದಳು. "ಸಮಾ ಕಾಣ್ತಲ್ಲ?"