ಇನ್ನೂರ ಹದಿನಾರು ಉಪಯುಕ್ತ ಲಿಂಕುಗಳು

ತಾವು ಓದದ ವಿಷಯದ ಬಗ್ಗೆ ನನ್ನಷ್ಟು ಅಚ್ಚುಕಟ್ಟಾಗಿ ಸಾಮಗ್ರಿ ಕೂಡಿಟ್ಟವರು ದಾವಣಗೆರೆಯಲ್ಲಿ ಇನ್ನೊಬ್ಬರು ಇರಲಾರರು. ನನ್ನ ಲ್ಯಾಪ್‌ಟಾಪಿನಲ್ಲಿ ‘ಉಪಯುಕ್ತ’ ಎಂಬ ಫೋಲ್ಡರ್ ಇದೆ. ಅದರೊಳಗೆ ‘ಬಹಳ ಉಪಯುಕ್ತ’ ಎಂಬ ಇನ್ನೊಂದು, ಅದರೊಳಗೆ ‘ಮೊದಲು ಓದಬೇಕಾದ್ದು’ ಎಂಬ ಮತ್ತೊಂದು. ಎಲ್ಲ ಸೇರಿ ಇನ್ನೂರ ಹದಿನಾರು ಲಿಂಕುಗಳು. ಲಿಂಕನ್ನು ಉಳಿಸಿಕೊಂಡರೆ ಅರ್ಧ ಓದಿದಂತೆ ಎಂದು ಯಾರೋ ನನಗೆ ಹೇಳಿದ್ದರು. ಆ ಯಾರೋ ನಾನೇ.

ನಾನು ಗುತ್ತೂರಿನ ಹತ್ತಿರದ ಒಂದು ಕುರುಕಲು ತಿಂಡಿ ಕಾರ್ಖಾನೆಯಲ್ಲಿ ತರಬೇತಿ ನೋಡಿಕೊಳ್ಳುತ್ತೇನೆ. ಹೊಸಬರಿಗೆ ಕೈ ತೊಳೆಯುವುದು, ಟೋಪಿ ಹಾಕುವುದು, ಯಂತ್ರದ ಹತ್ತಿರ ಜಾಗ್ರತೆಯಾಗಿರುವುದು ಇವನ್ನೆಲ್ಲ ಹೇಳಿಕೊಡುವ ಕೆಲಸ. ಹದಿನಾಲ್ಕು ವರ್ಷ ಇದನ್ನು ಯಾವ ಸಿದ್ಧಾಂತದ ಹಂಗೂ ಇಲ್ಲದೆ ಮಾಡಿಕೊಂಡು ಬಂದಿದ್ದೆ. ಒಂದು ದಿನ ಮ್ಯಾನೇಜರ್ ಕರೆದರು.

“ಮೇಡಂ, ಇನ್‌ಸ್ಟ್ರಕ್ಷನಲ್ ಡಿಸೈನ್ ಅಂತ ಒಂದು ಕೋರ್ಸ್ ಐತೆ. ಆನ್‌ಲೈನೇ. ಮಾಡಿಬಿಡ್ರಿ.”

“ಕಲಿಸೋದು ನನಗೆ ಬರುತ್ತಲ್ಲ ಸರ್.”

“ಬರ್ತೈತ್ರಿ, ಯಾರು ಇಲ್ಲ ಅಂದ್ರು? ಬರ್ತೈತೆ ಅನ್ನೋದಕ್ಕೆ ಒಂದು ಕಾಗದ ಬ್ಯಾಡ್ವಾ?”

ಹೀಗೆ ನಲವತ್ತಾರನೆಯ ವಯಸ್ಸಿನಲ್ಲಿ ನಾನು ಮತ್ತೆ ವಿದ್ಯಾರ್ಥಿನಿಯಾದೆ. ಸರಸ್ವತಿ ನಗರದಲ್ಲಿ ವಾಸ. ವಿಳಾಸವೇ ವಿದ್ಯೆಗೆ ಅರ್ಧ ಅರ್ಹತೆ ಎಂದುಕೊಂಡೆ. ಪಕ್ಕದ ಮನೆಯ ಗಿರಿಜಕ್ಕನಿಗೆ ‘ಡಿಸೈನ್ ಕೋರ್ಸ್ ಮಾಡುತ್ತಿದ್ದೇನೆ’ ಎಂದು ಹೇಳಿದ್ದು ತಪ್ಪಾಯಿತು. ಮರುದಿನವೇ ಅವರು ಒಂದು ಬ್ಲೌಸ್ ಪೀಸ್ ಹಿಡಿದುಕೊಂಡು ಬಂದರು. ‘ಇದು ಹಾಗಲ್ಲ ಅಕ್ಕಾ, ಕಲಿಸುವುದನ್ನು ಹೇಗೆ ಯೋಜಿಸಬೇಕು ಅಂತ ಕಲಿಸುವ ವಿದ್ಯೆ’ ಎಂದು ವಿವರಿಸಿದೆ. ಅವರು, “ಅಂದ್ರೆ ಹೊಲಿಯೋಕೆ ಬರಂಗಿಲ್ಲ ಅನ್ನು” ಎಂದು ಬಟ್ಟೆಯನ್ನು ವಾಪಸ್ ಒಯ್ದರು. ಈ ವಿದ್ಯೆಗೆ ಇಷ್ಟು ಚುಟುಕಾದ ವ್ಯಾಖ್ಯೆಯನ್ನು ನಾನು ಮುಂದೆ ಎಲ್ಲಿಯೂ ಕಾಣಲಿಲ್ಲ.

ಕೋರ್ಸಿನವರು ಮೊದಲ ವಾರವೇ ‘ಅಂತರ್ಜಾಲದಲ್ಲಿ ಅಪಾರ ಸಂಪನ್ಮೂಲಗಳಿವೆ, ಹುಡುಕಿಕೊಳ್ಳಿ’ ಎಂದು ಹೇಳಿ ಕೈತೊಳೆದುಕೊಂಡರು. ಅಪಾರ ಎಂಬುದು ನಿಜ. ‘ಹತ್ತು ಅತ್ಯುತ್ತಮ ತಾಣಗಳು’ ಎಂಬ ಪುಟವನ್ನು ತೆರೆದರೆ ಅದರಲ್ಲಿ ನಾಲ್ಕು ತಾಣಗಳು ತೀರಿಕೊಂಡಿದ್ದವು. ಐದನೆಯದು ‘ಇಪ್ಪತ್ತು ಅತ್ಯುತ್ತಮ ತಾಣಗಳು’ ಎಂಬ ಇನ್ನೊಂದು ಪಟ್ಟಿಗೆ ಕರೆದೊಯ್ದಿತು. ಆ ಪಟ್ಟಿಯ ಮೊದಲನೆಯ ತಾಣವೇ ನಾನು ಹೊರಟು ಬಂದ ಪುಟ. ‘ಸಂಪೂರ್ಣ ಉಚಿತ’ ಎಂದಿದ್ದ ಒಂದು ಪುಸ್ತಿಕೆಗೆ ನನ್ನ ಇಮೇಲ್ ಕೊಟ್ಟೆ. ಪುಸ್ತಿಕೆ ಬರಲಿಲ್ಲ. ಆದರೆ ಅಂದಿನಿಂದ ಆ ಸಂಸ್ಥೆಯವರು ಪ್ರತಿದಿನ ಬೆಳಿಗ್ಗೆ ನನ್ನ ಕ್ಷೇಮ ವಿಚಾರಿಸುತ್ತಾರೆ; ನನ್ನ ಸ್ವಂತ ತಮ್ಮನಿಗೂ ಇಷ್ಟು ಕಾಳಜಿ ಇಲ್ಲ.

ಇನ್ನೊಂದು ತಾಣದವರು ‘ನೀವು ಯಾವ ಬಗೆಯ ಕಲಿಕಾರ್ಥಿ?’ ಎಂದು ಪರೀಕ್ಷೆ ಇಟ್ಟಿದ್ದರು. ನಾನು ಕಣ್ಣಿನಿಂದ ಕಲಿಯುವವಳು ಎಂದು ಗೊತ್ತಾಗಿ ಹೆಮ್ಮೆಪಟ್ಟೆ. ಬೇರೆ ತಾಣದಲ್ಲಿ ಅದೇ ಪರೀಕ್ಷೆ ಬರೆದರೆ ಕಿವಿಯಿಂದ ಕಲಿಯುವವಳಾದೆ. ಮೂರನೆಯ ತಾಣ, ಇದೆಲ್ಲ ಸುಳ್ಳು, ಅಂಥ ಬಗೆಗಳೇ ಇಲ್ಲ ಎಂದಿತು. ಕಣ್ಣು, ಕಿವಿ ಎರಡನ್ನೂ ಕಳೆದುಕೊಂಡವಳಂತೆ ಕೂತೆ. ಓದಿದ್ದರಲ್ಲಿ ಎಷ್ಟು ನೆನಪಿರುತ್ತದೆ, ಕೇಳಿದ್ದರಲ್ಲಿ ಎಷ್ಟು, ಮಾಡಿದ್ದರಲ್ಲಿ ಎಷ್ಟು ಎಂದು ತೋರಿಸುವ ಬಣ್ಣದ ಗೋಪುರವಂತೂ ಎಲ್ಲ ಕಡೆ ಇತ್ತು. ಅಂಕಿಗಳೆಲ್ಲ ಗುಂಡಗುಂಡಗೆ, ಸೊನ್ನೆಯಲ್ಲೇ ಮುಗಿಯುತ್ತಿದ್ದವು. ಯಾರು ಅಳೆದರು, ಯಾವಾಗ ಅಳೆದರು ಎಂದು ಮಾತ್ರ ಯಾರೂ ಹೇಳಲಿಲ್ಲ. ಜ್ಞಾಪಕಶಕ್ತಿಯ ಬಗೆಗಿನ ಚಿತ್ರವಾದ್ದರಿಂದ ಅಳೆದವರನ್ನು ಮರೆತಿದ್ದಾರೆ ಎಂದು ಕ್ಷಮಿಸಿದೆ. ಚಿತ್ರ ಚೆನ್ನಾಗಿತ್ತು, ಉಳಿಸಿಕೊಂಡೆ.

ದಿನಾ ಕಾರ್ಖಾನೆಗೆ ಹೋಗುವ ಹರಿಹರದ ಬಸ್ಸಿನಲ್ಲಿ ನಿಂತುಕೊಂಡೇ ವರ್ತನಾವಾದ, ರಚನಾವಾದ ಎಂಬ ಕಲಿಕೆಯ ಸಿದ್ಧಾಂತಗಳ ವಿಡಿಯೋ ನೋಡುತ್ತಿದ್ದೆ. ‘ಕಲಿಕೆಗೆ ನೆಮ್ಮದಿಯ ವಾತಾವರಣ ಮುಖ್ಯ’ ಎಂದು ವಿಡಿಯೋದಲ್ಲಿ ಒಬ್ಬರು ನಗುತ್ತ ಹೇಳುವ ಹೊತ್ತಿಗೆ ಯಾರದೋ ಮೊಣಕೈ ನನ್ನ ಪಕ್ಕೆಯಲ್ಲಿರುತ್ತಿತ್ತು.

ಕೋರ್ಸಿನ ಕೊನೆಗೆ ಒಂದು ಪ್ರಾಜೆಕ್ಟ್ ಇತ್ತು: ನಿಜವಾದ ಸಮಸ್ಯೆಗೆ ನಿಜವಾದ ಪಾಠ ತಯಾರಿಸಬೇಕು. ನಮ್ಮಲ್ಲಿ ಸಮಸ್ಯೆಗೆ ಬರವೇ? ಪ್ಯಾಕಿಂಗ್ ವಿಭಾಗದಲ್ಲಿ ಪೊಟ್ಟಣದ ಬಾಯನ್ನು ಕಾಯಿಸಿ ಒತ್ತಿ ಮುಚ್ಚುವ ಯಂತ್ರ ಒಂದಿದೆ. ಆಗಾಗ ಪೊಟ್ಟಣ ಓರೆಯಾಗಿ ಅದರ ದವಡೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಕೆಂಪು ಗುಂಡಿ ಒತ್ತಿ, ಯಂತ್ರ ನಿಂತ ಮೇಲೆ ಕಡ್ಡಿಯಿಂದ ಪೊಟ್ಟಣವನ್ನು ತೆಗೆಯಬೇಕು. ಆದರೆ ಅಲ್ಲಿ ಕೆಲಸ ಮಾಡುವ ಹೆಂಗಸರು ಗುಂಡಿ ಒತ್ತದೆ, ಓಡುವ ಯಂತ್ರಕ್ಕೇ ಕೈ ಹಾಕಿ ಎಳೆದುಬಿಡುತ್ತಿದ್ದರು. ಇವರಿಗೆ ತಿಳಿವಳಿಕೆ ಇಲ್ಲ, ಆದ್ದರಿಂದ ಪಾಠ ಬೇಕು ಎಂದು ನಾನು ತೀರ್ಮಾನಿಸಿದೆ. ತರಬೇತಿ ಕೊಡುವವರ ಕಣ್ಣಿಗೆ ಲೋಕದ ಎಲ್ಲ ಕಷ್ಟವೂ ತಿಳಿವಳಿಕೆಯ ಕೊರತೆಯಾಗಿಯೇ ಕಾಣುತ್ತದೆ.

ನಲವತ್ತೆರಡು ಸ್ಲೈಡುಗಳ ಪಾಠ ಕಟ್ಟಿದೆ. ಆ ಬಣ್ಣದ ಗೋಪುರವನ್ನೂ ಒಂದರಲ್ಲಿ ಕೂರಿಸಿದೆ. ಕೊನೆಗೆ ಹತ್ತು ಪ್ರಶ್ನೆಗಳ ಪರೀಕ್ಷೆ. ಹದಿನೆಂಟು ಹೆಂಗಸರು ಬರೆದರು, ಹದಿನೆಂಟು ಜನರಿಗೂ ನೂರಕ್ಕೆ ನೂರು. ಎಲ್ಲರಿಗಿಂತ ಮೊದಲು ಬರೆದು ಮುಗಿಸಿದವರು ಭಾನುವಳ್ಳಿಯಿಂದ ಬರುವ ಹಾಲಮ್ಮ. ಐವತ್ತು ದಾಟಿದವರು, ಆ ಯಂತ್ರದ ಮುಂದೆ ಎಂಟು ವರ್ಷದಿಂದ ನಿಂತವರು. ಮ್ಯಾನೇಜರ್ ನನ್ನ ಕೈ ಕುಲುಕಿದರು. ನಾನು ಫಲಿತಾಂಶದ ಚಿತ್ರ ತೆಗೆದು ವಾಟ್ಸಾಪಿನಲ್ಲಿ ನನ್ನ ಮುಖದ ಜಾಗಕ್ಕೆ ಹಾಕಿಕೊಂಡೆ.

ನಾಲ್ಕನೆಯ ದಿನ ಹಾಲಮ್ಮನವರ ಎರಡು ಬೆರಳು ಆ ದವಡೆಯಲ್ಲಿ ಸುಟ್ಟವು.

ಪ್ರಥಮ ಚಿಕಿತ್ಸೆಯ ಕೋಣೆಗೆ ಓಡಿದೆ. ಅವರು ನಲ್ಲಿಯ ಕೆಳಗೆ ಕೈಯೊಡ್ಡಿ ತುಟಿ ಕಚ್ಚಿಕೊಂಡು ನಿಂತಿದ್ದರು. ಬೆರಳ ತುದಿಯ ಚರ್ಮ ಬೆಳ್ಳಗಾಗಿ ಎದ್ದಿತ್ತು. ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು.

“ಹಾಲಮ್ಮ, ಮೊದಲು ಏನು ಒತ್ತಬೇಕು ಅಂತ ಹೇಳಿಕೊಟ್ಟಿದ್ದೆನಲ್ಲ!”

“ಕೆಂಪು ಗುಂಡಿ ರೀ ಮೇಡಂ. ಮೂರನೇ ಪ್ರಶ್ನೆ ಅದೇ ಇತ್ತಲ್ರಿ” ಎಂದರು ನೋವಿನ ನಡುವೆಯೂ. “ಗೊತ್ತೈತ್ರಿ. ಗೊತ್ತಿಲ್ಲ ಅಂತ ಯಾರು ಅಂದ್ರು?”

ಅವರನ್ನು ಆಸ್ಪತ್ರೆಗೆ ಕರೆದೊಯ್ದು ವಾಪಸ್ ಬಂದ ಮೇಲೆ ಮೊದಲು ವಾಟ್ಸಾಪಿನಿಂದ ಆ ಫಲಿತಾಂಶದ ಚಿತ್ರವನ್ನು ತೆಗೆದೆ. ಆಮೇಲೆ ಮತ್ತೆ ಹುಡುಕತೊಡಗಿದೆ. ಈ ಸಲ ‘ಅತ್ಯುತ್ತಮ’ ಎಂಬ ಪದ ಹಾಕದೆ, ‘ಎಲ್ಲರೂ ಪಾಸಾದರು, ಆದರೂ ತಪ್ಪು ಮಾಡಿದರು, ಯಾಕೆ’ ಎಂದು. ಯಾವುದೋ ಚರ್ಚಾತಾಣದಲ್ಲಿ ನಡೆದ ಒಂದು ಜಗಳದ ಕೆಳಗೆ ಯಾರೋ ಒಂದು ಪುಟದ ವಿಳಾಸ ಬರೆದಿದ್ದರು. ತೆರೆದರೆ ಬೂದು ಬಣ್ಣದ ಹಳೆಯ ಪುಟ. ಒಂದು ಚಿತ್ರವಿಲ್ಲ, ಗೋಪುರವಿಲ್ಲ, ಇಮೇಲ್ ಕೇಳುವವರೂ ಇಲ್ಲ. ನಿವೃತ್ತ ತರಬೇತುದಾರರೊಬ್ಬರು ತಮ್ಮ ಅನುಭವವನ್ನು ಬರೆದಿಟ್ಟಿದ್ದರು. ಅವರ ಮಾತಿನ ಸಾರ ಇಷ್ಟು: ಜನ ಗೊತ್ತಿಲ್ಲದೆ ಮಾಡುತ್ತಿಲ್ಲವೋ, ಗೊತ್ತಿದ್ದೂ ಮಾಡುತ್ತಿಲ್ಲವೋ ಎಂದು ಮೊದಲು ತಿಳಿಯಬೇಕು. ಗೊತ್ತಿದ್ದೂ ಮಾಡದವರಿಗೆ ಪಾಠ ಹೇಳಬಾರದು. ಅವರ ಪಕ್ಕದಲ್ಲಿ ಒಂದು ದಿನ ನಿಂತು ನೋಡಬೇಕು. ಆ ಪುಟವನ್ನು ನಾನು ಉಳಿಸಿಕೊಳ್ಳಲಿಲ್ಲ. ಓದಿದೆ.

ಮರುದಿನ ಲ್ಯಾಪ್‌ಟಾಪ್ ಬಿಟ್ಟು ಯಂತ್ರದ ಪಕ್ಕ ನಿಂತೆ. ಹಾಲಮ್ಮ ರಜೆಯಲ್ಲಿ ಮನೆಯಲ್ಲಿರದೆ, ಕೈಗೆ ಪಟ್ಟಿ ಕಟ್ಟಿಕೊಂಡು ಚೀಟಿ ಎಣಿಸುವ ಹಗುರ ಕೆಲಸಕ್ಕೆ ಬಂದಿದ್ದರು. ಅವರನ್ನೂ ಕರೆದುಕೊಂಡೆ.

“ಈಗ ಪೊಟ್ಟಣ ಸಿಕ್ಕಿಕೊಂಡಿತು ಅಂದುಕೊಳ್ಳಿ. ಗುಂಡಿ ಒತ್ತಿ ತೋರಿಸಿ.”

ಅವರು ನಡೆದರು. ಯಂತ್ರದ ಉದ್ದಕ್ಕೂ ನಡೆದು, ಕಂಬ ಸುತ್ತಿ, ಡಬ್ಬಗಳ ರಾಶಿ ದಾಟಿ, ಹಿಂಬದಿಯ ಗೋಡೆಯ ಹತ್ತಿರ ತುದಿಗಾಲಲ್ಲಿ ನಿಂತು ಕೈ ಚಾಚಿದರು. ಕೆಂಪು ಗುಂಡಿ ಅಲ್ಲಿತ್ತು. ಹದಿನಾಲ್ಕು ವರ್ಷ ಆ ಗುಂಡಿಯ ಬಗ್ಗೆ ಪಾಠ ಮಾಡಿದ ನಾನು, ಅದನ್ನು ಒತ್ತಲು ಎಲ್ಲಿಗೆ ಹೋಗಬೇಕೆಂದು ಒಮ್ಮೆಯೂ ನೋಡಿರಲಿಲ್ಲ.

“ನಾ ಇಲ್ಲಿ ಬರೋದ್ರಾಗೆ ಅಲ್ಲಿ ಹತ್ತು ಪೊಟ್ಟಣ ಒಡೆದು ಚೆಲ್ಲಿರ್ತಾವ್ರಿ” ಎಂದರು ಹಾಲಮ್ಮ. “ಸೂಪರ್‌ವೈಸರು ಬೈತಾರೆ. ಅದಕ್ಕೇ ಕೈ ಹಾಕ್ತೀವಿ.”

“ಇದನ್ನ ಯಾಕೆ ಮೊದಲೇ ಹೇಳಲಿಲ್ಲ?”

“ನೀವು ಹತ್ತು ಪ್ರಶ್ನೆ ಕೇಳಿದ್ರಿ. ಅದರಾಗೆ ಇದು ಇರ್ಲಿಲ್ಲಲ್ರಿ?”

ನಾನು ಅಂದೇ ಪ್ರಾಜೆಕ್ಟ್ ತಿದ್ದಿ ಬರೆದೆ. ಅದು ಒಂದೇ ಪುಟ: ಇವರಿಗೆ ಪಾಠ ಬೇಡ, ಗುಂಡಿಯನ್ನು ಇವರ ಬಲಗೈ ಪಕ್ಕಕ್ಕೆ ತನ್ನಿ. ಮ್ಯಾನೇಜರ್ ಎರಡು ಸಲ ಓದಿದರು. “ಹಂಗಾದ್ರೆ ಟ್ರೇನಿಂಗ್ ಮೇಡಂ ಯಾಕ ಬೇಕು ನಮಗೆ?” ಎಂದರು. ಆ ಪ್ರಶ್ನೆ ನನಗೂ ಬಂದಿತ್ತು. ಆದರೆ ಸುಟ್ಟ ಬೆರಳನ್ನು ಅವರೂ ನೋಡಿದ್ದರು. ಫಿಟ್ಟರನ್ನು ಕಳಿಸಿದರು. ಅವನು ಒಂದು ಬೆಳಿಗ್ಗೆಯಲ್ಲಿ ವೈರ್ ಎಳೆದು ಗುಂಡಿಯನ್ನು ತಂದು ಕೂರಿಸಿ, ಊಟದ ಗಂಟೆಗೆ ಮೊದಲೇ ಹೋದ.

ಕೋರ್ಸಿನವರು ನನ್ನ ಒಂದು ಪುಟಕ್ಕೆ ಪಾಸಿಗಷ್ಟೇ ಸಾಕಾಗುವ ಅಂಕ ಕೊಟ್ಟು, ‘ವಿಶ್ಲೇಷಣೆ ಚೆನ್ನಾಗಿದೆ. ಆದರೆ ಪಾಠ ಎಲ್ಲಿ?’ ಎಂದು ಷರಾ ಬರೆದರು. ಪಾಠ ನನಗಾಗಿದೆ ಎಂದು ಉತ್ತರಿಸೋಣವೆನ್ನಿಸಿತು. ಸರ್ಟಿಫಿಕೇಟ್ ಇನ್ನೂ ಬರಬೇಕಿತ್ತು, ‘ಧನ್ಯವಾದಗಳು’ ಎಂದು ಬರೆದೆ.

ಅದಾಗಿ ಎರಡು ತಿಂಗಳಾಯಿತು. ಆ ದವಡೆಗೆ ಯಾರೂ ಕೈ ಹಾಕಿಲ್ಲ. ಬೆರಳು ಮಾಗಿದ ಹಾಲಮ್ಮ ಯಂತ್ರದ ಮುಂದಕ್ಕೆ ಮರಳಿದ್ದಾರೆ. ಮೊನ್ನೆ ಮ್ಯಾನೇಜರ್ ಬಹಳ ಉತ್ಸಾಹದಿಂದ ಬಂದರು. “ಮೇಡಂ, ಹೊಸ ಗುಂಡಿ ಬಗ್ಗೆ ಒಂದು ಟ್ರೇನಿಂಗ್ ಮಾಡಿಬಿಡ್ರಿ. ರಿಜಿಸ್ಟರಿನಾಗೆ ತೋರಿಸ್ಬೇಕಲ್ಲ.”

ರಿಜಿಸ್ಟರ್ ಹಿಡಿದುಕೊಂಡು ಹಾಲಮ್ಮನವರ ಹತ್ತಿರ ಹೋದೆ. ವಿಷಯ ಹೇಳಿದೆ. ಅವರು ಗುಂಡಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

“ಇದರಾಗೆ ಕಲಿಯೋದು ಏನೈತ್ರಿ ಮೇಡಂ? ಕೈಗೆ ಸಿಗ್ತೈತೆ, ಒತ್ತತೀವಿ.”

ನಾನು ರಿಜಿಸ್ಟರ್ ತೆರೆದು, ‘ತರಬೇತಿ ನೀಡಿದವರು’ ಎಂಬಲ್ಲಿ ಅವರ ಹೆಸರನ್ನೂ ‘ಪಡೆದವರು’ ಎಂಬಲ್ಲಿ ನನ್ನ ಹೆಸರನ್ನೂ ಬರೆದು ಮುಂದೆ ಹಿಡಿದೆ. ಹಾಲಮ್ಮ ನಿಧಾನವಾಗಿ ಓದಿ, ನಗದೆ ಸಹಿ ಮಾಡಿದರು. ಪೆನ್ನು ವಾಪಸ್ ಕೊಡುವಾಗ ಕೇಳಿದರು:

“ಮತ್ತೆ ಪರೀಕ್ಷೆ ನಾ ಇಡಬೇಕಲ್ರಿ? ಯಾವಾಗ ಬರ್ತೀರಿ?”